ಲೀಟರಿಗೆ ಹದಿನೆಂಟೂ ಮುಕ್ಕಾಲು

ಕಾರಿನ ಎಸಿ ಆರಿಸುವ ಸಣ್ಣ ಸದ್ದು ಕೇಳಿದರೆ ಇವತ್ತಿಗೂ ನನಗೆ ಹೊಟ್ಟೆ ತೊಳಸುತ್ತದೆ. ಟ್ಯಾಕ್ಸಿಯವನು ಆ ಗುಂಡಿಯ ಕಡೆ ಕೈ ಚಾಚಿದರೂ ಸಾಕು, ಬಾಯಲ್ಲಿ ಹುಳಿನೀರು ಬರುತ್ತದೆ. ಹದಿನೈದು ದಿನಕ್ಕೊಂದು ಶುಕ್ರವಾರ, ಆಗ ವಾರದ ರಜೆ ಶುಕ್ರವಾರವೇ, ನಾವು ಅಬುಧಾಬಿಯಿಂದ ದುಬೈಗೆ ಹೋಗುತ್ತಿದ್ದೆವು: ದೇವಸ್ಥಾನ, ಅಲ್ಲೇ ಹತ್ತಿರದಲ್ಲಿ ಊಟ, ವಾಪಸು. ವಾಪಸು ಬರುವಾಗ ಕೊನೆಯ ಇಪ್ಪತ್ತು ಕಿಲೋಮೀಟರು ಅಪ್ಪ ಎಸಿ ಆರಿಸಿಬಿಡುತ್ತಿದ್ದರು. ಕಿಟಕಿ ಇಳಿಸುವ ಹಾಗಿಲ್ಲ. ಇಳಿಸಿದರೆ ಗಾಳಿ ಕಾರನ್ನು ಹಿಂದಕ್ಕೆ ಎಳೆಯುತ್ತದೆ, ಮೈಲೇಜು ಹಾಳು. ಒಳಗೆ ಉಳಿದ ತಂಪು ಎರಡು ನಿಮಿಷದಲ್ಲಿ ಸತ್ತುಹೋಗುತ್ತಿತ್ತು. ಆಮೇಲೆ ಬಿಸಿಯಾದ ರೆಕ್ಸಿನ್ನಿನ ವಾಸನೆ, ಮೂವರ ಬೆವರು, ಪ್ರಸಾದದ ಬಾಳೆಹಣ್ಣು ಕಪ್ಪಾಗುವ ವಾಸನೆ.

"ಅಪ್ಪಾ, ವಾಂತಿ ಬರ್ತಿದೆ."

"ಎಷ್ಟು ಅರ್ಜೆಂಟು?"

"ತುಂಬಾ."

"ಎರಡು ನಿಮಿಷ ತಡಕೋ ಪುಟ್ಟಿ. ಈಗ ಸ್ಪೀಡು ನೂರರಲ್ಲಿ ಚೆನ್ನಾಗಿ ನಿಂತಿದೆ. ನಿಲ್ಲಿಸಿದ್ರೆ ಮತ್ತೆ ಸೊನ್ನೆಯಿಂದ ಎಬ್ಬಿಸಬೇಕು."

ಅಮ್ಮ ತರಕಾರಿಯ ಪ್ಲಾಸ್ಟಿಕ್ ಚೀಲವನ್ನು ಬಿಡಿಸಿ ನನ್ನ ಗದ್ದದ ಕೆಳಗೆ ಹಿಡಿಯುತ್ತಿದ್ದರು. ನಾನು ಆ ಚೀಲದೊಳಗೆ ಮುಖ ಇಟ್ಟುಕೊಂಡೇ ಊರು ಸೇರಿದ್ದು ಎಷ್ಟು ಸಲವೋ. ಇಷ್ಟಾದರೂ ಆ ದಿನಗಳಲ್ಲಿ ನನಗೆ ಅಪ್ಪನ ಮೇಲೆ ಸಿಟ್ಟು ಬರುತ್ತಿರಲಿಲ್ಲ. ಅವರು ಸರಿ, ನನ್ನ ಹೊಟ್ಟೆ ತಪ್ಪು ಎಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಬೆಳೆದವರಿಗೆ ಹಾಗೆ ಅನ್ನಿಸುವುದು ಸಹಜವಾಗಿತ್ತು, ಏಕೆಂದರೆ ಅಪ್ಪನ ಕೈಯಲ್ಲಿ ಯಾವಾಗಲೂ ಒಂದು ಅಂಕಿ ಇರುತ್ತಿತ್ತು, ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ಅಪ್ಪ ಇನ್‌ಸ್ಟ್ರುಮೆಂಟ್ ಎಂಜಿನಿಯರ್. ಮರುಭೂಮಿಯ ಒಳಗಿನ ಒಂದು ಘಟಕದಲ್ಲಿ ಒತ್ತಡದ, ಶಾಖದ, ಹರಿವಿನ ಮೀಟರುಗಳು ಸರಿಯಾಗಿ ತೋರಿಸುತ್ತಿವೆಯೇ ಎಂದು ಪರೀಕ್ಷಿಸುವುದು ಅವರ ಕೆಲಸ. ಮಂಡ್ಯದ ಹತ್ತಿರದ ಒಂದು ಹಳ್ಳಿಯಿಂದ ಓದಿ ಬಂದವರು. ಮೀಟರಿನ ಮುಳ್ಳು ಬಿಟ್ಟರೆ ಬೇರೆ ಯಾರ ಮಾತನ್ನೂ ನಂಬುತ್ತಿರಲಿಲ್ಲ. ಮನೆಯಲ್ಲೂ ಅದೇ. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾ ಎಂಬ ಬಡಾವಣೆಯಲ್ಲಿ, ಒಂದು ಕಟ್ಟಡದ ಆರನೇ ಮಹಡಿಯಲ್ಲಿ ನಮ್ಮದು ಒಂದು ಮಲಗುವ ಕೋಣೆಯ ಫ್ಲ್ಯಾಟು. ಹಾಲಿನಲ್ಲಿ ಪರದೆ ಕಟ್ಟಿ ಒಂದು ಭಾಗ ನನಗೆ. ಅಡುಗೆಮನೆಯ ಮೋರಿಯಿಂದ ಸಂಜೆಯಾದರೆ ಕೊಳೆತ ವಾಸನೆ ಏಳುತ್ತಿತ್ತು, ಸಿಂಕಿನ ಕೆಳಗೆ ಜಿರಲೆ ಓಡಾಡುತ್ತಿತ್ತು. ಅದನ್ನು ಸರಿ ಮಾಡಿಸಲು ಅಪ್ಪನಿಗೆ ಎಂದೂ ಪುರುಸೊತ್ತಾಗಲಿಲ್ಲ. ಆದರೆ ಫ್ರಿಜ್ಜಿನ ಮೇಲೆ ಒಂದು ನೋಟುಪುಸ್ತಕ ಇತ್ತು. ಅದರಲ್ಲಿ ನಮ್ಮ ಬಿಳಿ ಸೆಡಾನ್ ಕಾರು ಕೊಂಡ ದಿನದಿಂದ ಕುಡಿದ ಒಂದೊಂದು ಹನಿ ಪೆಟ್ರೋಲೂ ದಾಖಲಾಗಿತ್ತು. ಓಡೋಮೀಟರ್, ಲೀಟರ್, ಓಡಿಸಿದವರು ಯಾರು, ಷರಾ. ಹೆಬ್ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುಗಿಸುತ್ತಿದ್ದುದರಿಂದ ಹಾಳೆಗಳ ಮೂಲೆ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದವು. ಆಯುಧಪೂಜೆಯ ದಿನ ಕಾರಿನ ಬಾನೆಟ್ಟಿಗೆ ಕುಂಕುಮ ಇಟ್ಟ ಬೆರಳಿನಲ್ಲೇ ಆ ಪುಸ್ತಕಕ್ಕೂ ಇಡುತ್ತಿದ್ದರು. ಅಮ್ಮನ ಹೊಲಿಗೆ ಮಿಷನ್ನಿಗೆ ಇಡಲು ಮರೆತ ವರ್ಷಗಳುಂಟು, ಪುಸ್ತಕಕ್ಕೆ ಮರೆತದ್ದಿಲ್ಲ.

ಪೆಟ್ರೋಲು ಹಾಕಿಸುವುದೂ ಒಂದು ವ್ರತವೇ. ಇಲ್ಲಿ ಬಂಕಿನಲ್ಲಿ ಯಾರೂ ಕಾರಿನಿಂದ ಇಳಿಯುವುದಿಲ್ಲ. ಗಾಜು ಇಳಿಸಿ 'ಫುಲ್' ಎಂದರೆ ಬಂಕಿನವನೇ ಹಾಕುತ್ತಾನೆ. ಅಪ್ಪ ಇಳಿಯುತ್ತಿದ್ದರು. ಯಾವಾಗಲೂ ಮನೆಯ ಹತ್ತಿರದ ಅದೇ ಬಂಕು, ಅದೇ ಪಂಪು. ನಳಿಕೆಯ ಪಕ್ಕದಲ್ಲೇ ಬಗ್ಗಿ ನಿಂತು, ಟ್ಯಾಂಕು ತುಂಬಿ ಮೊದಲ ಸಲ 'ಕ್ಲಿಕ್' ಎಂದ ತಕ್ಷಣ ಕೈ ಎತ್ತುತ್ತಿದ್ದರು: "ಖಲಾಸ್, ಖಲಾಸ್!" ಅದರ ಮೇಲೆ ಒಂದು ತೊಟ್ಟೂ ಹಾಕುವ ಹಾಗಿಲ್ಲ. ಪ್ರತಿ ಸಲ ಮೊದಲ ಕ್ಲಿಕ್ಕಿಗೇ ನಿಲ್ಲಿಸಿದರೆ ಪ್ರತಿ ಸಲವೂ ಟ್ಯಾಂಕು ಅಷ್ಟೇ ತುಂಬಿರುತ್ತದೆ. ಹಾಗಿದ್ದಾಗ ಮಾತ್ರ, ಹೋದ ಸಲ ತುಂಬಿಸಿದಲ್ಲಿಂದ ಈ ಸಲದವರೆಗೆ ಓಡಿದ ಕಿಲೋಮೀಟರನ್ನು ಈಗ ಹಾಕಿದ ಲೀಟರಿನಿಂದ ಭಾಗಿಸಿದರೆ ನಿಜವಾದ ಮೈಲೇಜು ಸಿಗುತ್ತದೆ. ಇದನ್ನು ಅಪ್ಪ ನನಗೆ ಮಗ್ಗಿಗಿಂತ ಮೊದಲೇ ಕಲಿಸಿದ್ದರು. ವಿಧಾನ ಸರಿಯಾದದ್ದೇ. ಮುಂದೆ ನನಗೆ ಅಪ್ಪನ ಮೇಲೆ ಅಸಹ್ಯ ಹುಟ್ಟಿದ್ದು ಈ ವಿಧಾನದಿಂದ ಅಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ, ನ್ಯಾಯವಾಗಿ.

ಶಾಲೆಯಲ್ಲಿ ನಾನು ಡಿಬೇಟಿಗೆ ಸೇರಿದ್ದು ಹನ್ನೊಂದನೆಯ ವಯಸ್ಸಿನಲ್ಲಿ. ಶನಿವಾರ ಮಧ್ಯಾಹ್ನ ಎರಡು ಗಂಟೆ ತರಬೇತಿ. ಎದುರಾಳಿಯ ದುರ್ಬಲ ಜಾಗ ಹುಡುಕು, ಅಂಕಿ ಇದ್ದರೆ ಮೊದಲು ಅದನ್ನೇ ಎಸೆ, ನಗಿಸಿದರೆ ಅರ್ಧ ಗೆದ್ದ ಹಾಗೆ. ಅಪ್ಪನಿಗೆ ಇದು ಬಹಳ ಹಿಡಿಸಿತು. ಶುಕ್ರವಾರದ ಊಟದ ಮೇಜಿನಲ್ಲಿ ನನ್ನ ಕೈಲಿ ಮಾತಾಡಿಸುವುದು ಮನೆಯ ಪದ್ಧತಿಯಾಯಿತು. ಅಮ್ಮ ಬಸ್ಸಾರು, ಮುದ್ದೆ ಬಡಿಸುತ್ತಿದ್ದರೆ ನಾನು ಮೊಸರು ಮೇಲೋ ಮಜ್ಜಿಗೆ ಮೇಲೋ ಎಂದು ವಾದಿಸುತ್ತಿದ್ದೆ. ಪಕ್ಕದ ಫ್ಲ್ಯಾಟಿನ ಉಡುಪಿಯ ವಸಂತ ಅಂಕಲ್ ಊಟಕ್ಕೆ ಬಂದವರು ಚಪ್ಪಾಳೆ ತಟ್ಟುತ್ತಿದ್ದರು. ಅವರ ಹೆಂಡತಿ ಮಕ್ಕಳು ಊರಿನಲ್ಲಿದ್ದರು. ನಾವು ದುಬೈಗೆ ಹೋಗದ ಶುಕ್ರವಾರ ಅವರ ಊಟ ನಮ್ಮಲ್ಲೇ.

ಅಮ್ಮ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದವರು. ಇಲ್ಲಿಗೆ ಬಂದ ಮೇಲೆ ಒಂಬತ್ತು ವರ್ಷ ಮನೆಯಲ್ಲೇ. ನಾಲ್ಕನೇ ಪ್ರಯತ್ನದಲ್ಲಿ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿದ ವರ್ಷವೇ ಊರಾಚೆಯ ಕೈಗಾರಿಕಾ ಪ್ರದೇಶವಾದ ಮುಸಫ್ಫಾದ ಒಂದು ಸಣ್ಣ ಕ್ಲಿನಿಕ್ಕಿನಿಂದ ಕರೆ ಬಂತು. ವರ್ಕ್‌ಶಾಪುಗಳ ನಡುವೆ, ಕೆಲಸಗಾರರ ರಕ್ತ ಪರೀಕ್ಷೆ ಮಾಡುವ ಲ್ಯಾಬು. ಬೆಳಗ್ಗೆ ಎಂಟರಿಂದ ಎರಡು. ಒಂದು ವಾರ ಬಂದು ನೋಡಿ, ಒಪ್ಪಿಗೆಯಾದರೆ ವೀಸಾ ಕೆಲಸ ಶುರು ಮಾಡುತ್ತೇವೆ ಎಂದಿದ್ದರು. ಅಪ್ಪನನ್ನು ಸೈಟಿಗೆ ಒಯ್ಯಲು ಬೆಳಗ್ಗೆ ಐದೂವರೆಗೆ ಕಂಪನಿಯ ಬಸ್ಸು ಬರುತ್ತಿತ್ತು, ನನಗೆ ಶಾಲೆಯ ಬಸ್ಸಿತ್ತು. ಕಾರು ವಾರವಿಡೀ ಕೆಳಗೆ ಸುಮ್ಮನೆ ನಿಂತಿರುತ್ತಿತ್ತು. ಆದರೂ ಅಮ್ಮ ಕೇಳಿದಾಗ ಅಪ್ಪ ಎರಡು ದಿನ ಯೋಚನೆ ಮಾಡಿದರು.

"ಒಂದು ವಾರ ತಗೊಂಡು ಹೋಗು ಸುಜಾತ. ಟ್ರಯಲ್ ಅಂತಿಟ್ಕೋ. ಶುಕ್ರವಾರ ಲೆಕ್ಕ ನೋಡಿ ಮುಂದಿಂದು ಮಾತಾಡೋಣ."

"ಯಾವ ಲೆಕ್ಕ ರೀ? ನಾನು ಕೆಲಸಕ್ಕೆ ಹೋಗ್ತಿರೋದು, ರೇಸಿಗಲ್ಲ."

"ಡೇಟಾ ಮಾತಾಡ್ಲಿ. ನೀನೂ ಬೇಡ, ನಾನೂ ಬೇಡ."

ಆ ವಾರ ಶುರುವಾಗುವ ಹಿಂದಿನ ದಿನ ತಿಂಗಳ ಕೊನೆಯ ದಿನವಾಗಿತ್ತು. ಇಲ್ಲಿ ಪೆಟ್ರೋಲಿನ ದರ ತಿಂಗಳಿಗೊಮ್ಮೆ, ಒಂದನೆಯ ತಾರೀಕಿನಿಂದ ಬದಲಾಗುತ್ತದೆ. ಏರುತ್ತದೆ ಎಂದು ಗೊತ್ತಾದರೆ ಹಿಂದಿನ ಸಂಜೆ ಊರಿಗೆ ಊರೇ ಬಂಕಿಗೆ ನುಗ್ಗುತ್ತದೆ. ನಾವು ದುಬೈಯಿಂದ ವಾಪಸು ಬರುತ್ತಿದ್ದೆವು. ಮನೆಯ ಹತ್ತಿರದ ಬಂಕಿನ ಸಾಲು ರಸ್ತೆಗೇ ಬಂದಿತ್ತು. ಅಪ್ಪ ವ್ರತ ಮುರಿದು ಹೆದ್ದಾರಿಯ ಇನ್ನೊಂದು ಬಂಕಿಗೆ ತಿರುಗಿಸಿದರು. ಅಲ್ಲೂ ನೂಕುನುಗ್ಗಲು, ಹಿಂದಿನಿಂದ ಹಾರ್ನುಗಳು, ಕಾದ ನೆಲ. ಅಲ್ಲಿನ ಪಂಪು ಜೋರು. ಪೆಟ್ರೋಲು ನೊರೆಯೆದ್ದು ಟ್ಯಾಂಕು ತುಂಬುವ ಮೊದಲೇ ನಳಿಕೆ ಕ್ಲಿಕ್ ಎಂದಿತು. ಅಪ್ಪ ಕೈ ಎತ್ತಿದರು. "ಖಲಾಸ್!" ಬಂಕಿನವನು "ಇನ್ನೂ ಹಿಡಿಯುತ್ತೆ ಸಾರ್" ಎಂದು ಹಿಂದಿಯಲ್ಲಿ ಹೇಳಿದ. ಅಪ್ಪ ಅವನನ್ನು ಜಿರಲೆಯನ್ನು ನೋಡುವ ಹಾಗೆ ನೋಡಿದರು. ಮೊದಲ ಕ್ಲಿಕ್ ಎಂದರೆ ಮೊದಲ ಕ್ಲಿಕ್. ನಾನೂರೈವತ್ತು ಕಿಲೋಮೀಟರಿಗೆ ಇಪ್ಪತ್ತನಾಲ್ಕು ಲೀಟರು. ಮನೆಗೆ ಬಂದು ಕ್ಯಾಲ್ಕುಲೇಟರ್ ಒತ್ತಿದವರು ಕೂಗಿಕೊಂಡರು.

"ಹದಿನೆಂಟೂ ಮುಕ್ಕಾಲು! ಪುಟ್ಟಿ, ಹದಿನೆಂಟೂ ಮುಕ್ಕಾಲು ಕಣವ್ವ!"

ಅಷ್ಟು ವರ್ಷದಲ್ಲಿ ಹದಿನಾಲ್ಕೂವರೆ ದಾಟಿರದ ಕಾರು. ಟೈರು ಬದಲಿಸಿದ್ದಕ್ಕೆ, ತೊಂಬತ್ತರಲ್ಲೇ ಓಡಿಸಿದ್ದಕ್ಕೆ, ನಾನು ಎಸಿ ಇಲ್ಲದೆ ತಡೆದುಕೊಂಡದ್ದಕ್ಕೆ ಸಿಕ್ಕ ಫಲ ಎಂದು ಅಪ್ಪ ಅಂದುಕೊಂಡರು. ಇನ್ನೊಬ್ಬರ ಮೀಟರಿನಲ್ಲಿ ಇಂಥ ಅಂಕಿ ಕಂಡಿದ್ದರೆ ಆ ಮೀಟರನ್ನೇ ಬಿಚ್ಚಿ ನೋಡುತ್ತಿದ್ದ ಮನುಷ್ಯ, ತನ್ನದಾದ್ದರಿಂದ ಅಮ್ಮನ ಕೈಲಿ ಕೇಸರಿಬಾತ್ ಮಾಡಿಸಿದರು. ಅದರಲ್ಲಿ ತುಪ್ಪ ತೇಲುತ್ತಿತ್ತು. ನಾನು ಎರಡು ಸಲ ಹಾಕಿಸಿಕೊಂಡೆ.

ಅಮ್ಮನ ವಾರ ನನಗೆ ನೆನಪಿರುವುದು ಅವರ ಮುಖದಿಂದ. ಬೆಳಗ್ಗೆ ಏಳಕ್ಕೇ ತಲೆ ಬಾಚಿ, ಊರಿನಿಂದ ಬರುವಾಗ ತಂದಿದ್ದ ಬಿಳಿ ಕೋಟನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಡುತ್ತಿದ್ದರು. ಸಂಜೆ ಸೂಕ್ಷ್ಮದರ್ಶಕದಲ್ಲಿ ಏನು ನೋಡಿದೆ ಎಂದು ಹೇಳುತ್ತಿದ್ದರು, ತಮಗೆ ತಾವೇ ಎಂಬಂತೆ. ಮಧ್ಯಾಹ್ನ ವಾಪಸು ಬಂದರೆ ನಮ್ಮ ಬಡಾವಣೆಯಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ. ಮುಕ್ಕಾಲು ಗಂಟೆ ಕಟ್ಟಡಗಳನ್ನು ಸುತ್ತಬೇಕು. ಬೇಸಗೆ ರಜೆಯಾದರೂ ಆ ವಾರದ ಮಧ್ಯೆ ಡಿಬೇಟಿನ ಹೆಚ್ಚುವರಿ ತರಗತಿಗಳಿದ್ದವು. ಮೂರು ಸಂಜೆ ಅಮ್ಮ ನನ್ನನ್ನು ಬಿಟ್ಟು, ಅಲ್ಲೇ ಕಾದು, ಕರೆದುಕೊಂಡು ಬಂದರು. ಆಗಸ್ಟ್ ತಿಂಗಳು. ಬಾಗಿಲು ತೆಗೆದು ಕೂತರೆ ಒಳಗೆ ತಣ್ಣಗಿರುತ್ತಿತ್ತು. ನಾನು ಬರುವ ಕಾಲು ಗಂಟೆ ಮೊದಲೇ ಎಂಜಿನ್ ಶುರು ಮಾಡಿ ಎಸಿ ಹಾಕಿರುತ್ತಿದ್ದರು. ಆ ವಾರ ನಾನು ಒಂದು ಸಲವೂ ವಾಂತಿ ಮಾಡಲಿಲ್ಲ.

ವಾರ ಮುಗಿದ ದಿನ ಅಮ್ಮ ಮನೆಯ ಹತ್ತಿರದ ಬಂಕಿನಲ್ಲಿ ಫುಲ್ ಮಾಡಿಸಿದರು. ಮುನ್ನೂರು ಕಿಲೋಮೀಟರಿಗೆ ಮೂವತ್ತಾರು ಲೀಟರು. ಎಂಟು ಪಾಯಿಂಟ್ ಮೂರು. ಅಪ್ಪ ಅದನ್ನು ಬರೆದು, ಅಡಿಗೆರೆ ಎಳೆದು, ಶುಕ್ರವಾರ ಊಟದ ಮಧ್ಯೆ ಪುಸ್ತಕವನ್ನು ಸಾರಿನ ಪಾತ್ರೆಯ ಪಕ್ಕ ತೆರೆದಿಟ್ಟರು.

"ಎಂತ ಸಾರ್, ಮುದ್ದೆ ಜೊತೆಗೂ ಪೆಟ್ರೋಲಾ?" ವಸಂತ ಅಂಕಲ್ ನಕ್ಕರು. "ನಮಗೆಲ್ಲ ಗಾಡಿ ಓಡಿದ್ರೆ ಸಾಕು ಮಾರಾಯ್ರೆ."

"ಅಲ್ಲ ವಸಂತ್, ಇವತ್ತು ಇವಳು ಮಂಡಿಸ್ತಾಳೆ ಕೇಳಿ. ಏಳು ಪುಟ್ಟಿ. ವಿಷಯ: ವಾರದ ದಿನಗಳಲ್ಲಿ ಕಾರು ಮನೆಯಲ್ಲೇ ಇರಬೇಕು. ನೀನು ಪರ. ಮೂರು ನಿಮಿಷ."

ನಾನು ಎದ್ದು ನಿಂತೆ. ಕೈಯಲ್ಲಿ ಮುದ್ದೆಯ ಅಂಟು ಹಾಗೇ ಇತ್ತು. ಮೊದಲು ಅಂಕಿ ಎಸೆದೆ: ಹದಿನೆಂಟೂ ಮುಕ್ಕಾಲು ಎಲ್ಲಿ, ಎಂಟು ಎಲ್ಲಿ. ಆಮೇಲೆ ಸಾಕ್ಷಿ: ಆಕ್ಚುವಲಿ ನಾನೇ ನೋಡಿದ್ದೇನೆ, ಅಮ್ಮ ಗಾಡಿ ನಿಲ್ಲಿಸಿಕೊಂಡೇ ಎಂಜಿನ್ ಆನ್ ಇಟ್ಟಿರುತ್ತಾರೆ, ಚಕ್ರ ತಿರುಗುವುದಿಲ್ಲ, ಪೆಟ್ರೋಲು ಉರಿಯುತ್ತದೆ. ಕೊನೆಗೆ ನಗಿಸಬೇಕಿತ್ತು. ಅಮ್ಮ ರೌಂಡ್‌ಅಬೌಟಿನ ಮುಂದೆ ಬ್ರೇಕ್ ಒತ್ತುವ ರೀತಿ, ಸ್ಟಿಯರಿಂಗಿಗೆ ಎದೆ ತಾಗಿಸಿಕೊಂಡು ಕೂರುವ ರೀತಿ ಮಾಡಿ ತೋರಿಸಿದೆ. ವಸಂತ ಅಂಕಲ್ ಮಜ್ಜಿಗೆ ಮೂಗಿಗೆ ಹತ್ತುವ ಹಾಗೆ ನಕ್ಕರು. ಅಪ್ಪ ಮೇಜು ತಟ್ಟಿದರು. ಅಮ್ಮ ಕೂಡ ಸ್ವಲ್ಪ ನಕ್ಕರು, ತಟ್ಟೆ ನೋಡಿಕೊಂಡು.

"ಖಲಾಸ್," ಎಂದರು ಅಪ್ಪ. "ಇದಕ್ಕಿಂತ ಇನ್ನೇನು ಬೇಕು?"

ಅಮ್ಮ ಕೈ ತೊಳೆದು ಬಂದು, ಚೀಲದಿಂದ ಕಾರಿನ ಕೀಲಿ ತೆಗೆದು ಅಪ್ಪನ ತಟ್ಟೆಯ ಪಕ್ಕ ಇಟ್ಟರು. ಆಮೇಲೆ ನನಗೆ ಇನ್ನೊಂದು ಸೌಟು ಸಾರು ಹಾಕಿದರು.

ಕೆಲಸ ಬಿಡುತ್ತಾರೆ ಎಂದು ಅಪ್ಪ ಭಾವಿಸಿದ್ದರು. ಅಮ್ಮ ಬಿಡಲಿಲ್ಲ. ಎರಡು ಬಸ್ಸು ಬದಲಿಸಿ ಮುಸಫ್ಫಾಕ್ಕೆ ಹೋಗತೊಡಗಿದರು. ಆರೂಕಾಲಿಗೆ ಮನೆ ಬಿಟ್ಟರೆ ವಾಪಸು ನಾಲ್ಕಕ್ಕೆ. ಬಾಗಿಲು ತೆಗೆದಾಗ ಅವರ ಕುರ್ತಾದ ಬೆನ್ನಿನ ಮೇಲೆ ಬೆವರು ಒಣಗಿದ ಬಿಳಿಗೆರೆ ಇರುತ್ತಿತ್ತು, ಉಪ್ಪಿನ ನಕ್ಷೆಯ ಹಾಗೆ. ಅವರ ಮೈಯಿಂದ ಡೀಸೆಲ್ಲಿನ, ಡೆಟಾಲಿನ, ಬೇರೆಯವರ ಬೆವರಿನ ವಾಸನೆ ಬರುತ್ತಿತ್ತು. ಮೂರನೇ ವಾರದಲ್ಲಿ ಬಸ್‌ಸ್ಟಾಪಿನಲ್ಲಿ ತಲೆ ಸುತ್ತಿ ಕುಸಿದು, ಯಾರೋ ನೀರು ಕುಡಿಸಿ ಕೂರಿಸಿದರಂತೆ. ಹಾಗೆ ಬಂದ ಅಮ್ಮ ನನ್ನ ಪಕ್ಕ ಕೂತರೆ ನಾನು ಮೂಗು ತಿರುಗಿಸಿ ದೂರ ಸರಿಯುತ್ತಿದ್ದೆ. ಇದನ್ನು ಬರೆಯುವಾಗ ನನ್ನ ಬಗ್ಗೆ ನನಗೆ ಆಗುವ ಹೇಸಿಗೆಯನ್ನು ಯಾವ ವಾದದಿಂದಲೂ ಇಳಿಸಲು ಬರುವುದಿಲ್ಲ, ಪ್ರಯತ್ನ ಪಟ್ಟಿದ್ದೇನೆ.

ತಪ್ಪು ಸಿಕ್ಕಿದ್ದು ಸೆಪ್ಟೆಂಬರಿನ ಒಂದು ಶುಕ್ರವಾರ ಬೆಳಗ್ಗೆ. ಅಂತರಶಾಲಾ ಸ್ಪರ್ಧೆಗೆ ಉದಾಹರಣೆ ಬೇಕಿತ್ತು; ನನ್ನ ಗೆಲುವಿನ ಅಂಕಿಗಳನ್ನೇ ಮತ್ತೆ ಬಳಸೋಣ ಎಂದು ಪುಸ್ತಕ ತೆಗೆದೆ. ಎರಡು ಸಾಲು ಒಂದರ ಕೆಳಗೊಂದು. ಮೇಲಿನದು ಇಡೀ ಪುಸ್ತಕದಲ್ಲೇ ಅತಿ ಹೆಚ್ಚು, ಕೆಳಗಿನದು ಇಡೀ ಪುಸ್ತಕದಲ್ಲೇ ಅತಿ ಕಡಿಮೆ. ಅಕ್ಕಪಕ್ಕದಲ್ಲೇ. ಎದುರಾಳಿ ಇಂಥದ್ದನ್ನು ತಂದಿದ್ದರೆ ನಾನು ಒಂದೇ ಉಸಿರಿಗೆ ಹರಿದು ಹಾಕುತ್ತಿದ್ದೆ. ಷರಾದಲ್ಲಿ ಅಪ್ಪನದೇ ಅಕ್ಷರ: 'ಬೇರೆ ಬಂಕು, ರಶ್'. ಅವತ್ತು ಟ್ಯಾಂಕು ತುಂಬಿರಲೇ ಇಲ್ಲ. ತುಂಬದೆ ಉಳಿದ ಲೀಟರುಗಳು ಅಪ್ಪನ ಸಾಲಿನಿಂದ ಜಾರಿ ಅಮ್ಮನ ಸಾಲಿಗೆ ಬಿದ್ದಿದ್ದವು. ಎರಡೂ ಸಾಲನ್ನು ಕೂಡಿಸಿದೆ: ಏಳುನೂರೈವತ್ತು ಕಿಲೋಮೀಟರು, ಅರವತ್ತು ಲೀಟರು. ಹನ್ನೆರಡೂವರೆ. ಊರೊಳಗಿನ ಓಡಾಟ, ಸೆಕೆ, ಪಾರ್ಕಿಂಗಿಗೆ ಸುತ್ತಿದ್ದು ಎಲ್ಲ ಸೇರಿಸಿ ಹನ್ನೆರಡೂವರೆ.

ಅಪ್ಪ ಕೆಳಗೆ ಕಾರು ಒರೆಸುತ್ತಿದ್ದರು. ನಾನು ಪುಸ್ತಕ ಹಿಡಿದು ಓಡಿದೆ. ಅವರು ಬಾನೆಟ್ಟಿನ ಮೇಲೆ ಪುಸ್ತಕ ಇಟ್ಟು, ಬೆರಳಿಗೆ ಉಗುಳು ಹಚ್ಚಿ, ಫೋನಿನಲ್ಲಿ ಮೂರು ಸಲ ಭಾಗಿಸಿ ನೋಡಿದರು. ಮುಖ ಅರಳಿತು.

"ಭೇಷ್! ನನಗೇ ಹೊಳೀಲಿಲ್ಲ ನೋಡು. ಕಟ್‌ಆಫ್ ಬೇಗ ಬಿದ್ದಿದೆ, ತುಂಬೋ ಮೊದಲೇ ಕ್ಲಿಕ್ ಆಗಿದೆ. ಬೇರೆ ನಳಿಕೆ, ಬೇರೆ ಪ್ರೆಷರ್. ಭೇಷ್ ಕಣವ್ವ!"

ಜೇಬಿನಿಂದ ಕೆಂಪು ಪೆನ್ನು ತೆಗೆದು, ಎರಡೂ ಸಾಲನ್ನು ಸೇರಿಸಿ ಆವರಣ ಹಾಕಿ, ಹನ್ನೆರಡೂವರೆ ಎಂದು ಬರೆದು, ಸಹಿ ಹಾಕಿ ತಾರೀಕು ನಮೂದಿಸಿದರು. ಕಂಪನಿಯಲ್ಲಿ ತಿದ್ದುವ ಹಾಗೆಯೇ, ಹಳೆಯದು ಕಾಣುವಂತೆ ಒಂದೇ ಗೆರೆ ಎಳೆದು.

"ಹಾಗಾದ್ರೆ ಅಮ್ಮಂಗೆ ಕೀಲಿ ಕೊಡ್ತೀರಾ?"

"ಅದು ಬೇರೆ ವಿಷಯ."

"ಹೆಂಗೆ ಬೇರೆ? ಅವತ್ತು ಈ ನಂಬರ್ ನೋಡೇ ತಾನೇ ಬೇಡ ಅಂದಿದ್ದು?"

"ಪುಟ್ಟಿ, ಗಾಡಿ ತೆಗೆದ್ರೆ ಪಾರ್ಕಿಂಗ್ ಹೋಗುತ್ತೆ. ಅವಳಿಗೂ ಬಸ್ಸು ಅಭ್ಯಾಸ ಆಗಿದೆ. ಸುಮ್ನಿರು."

ಮತ್ತೆ ಬಟ್ಟೆ ಹಿಂಡಿ ಗಾಜು ಒರೆಸತೊಡಗಿದರು, ಶಿಳ್ಳೆ ಹಾಕಿಕೊಂಡು. ಬಟ್ಟೆಯಿಂದ ಇಳಿದ ಕಂದು ನೀರು ನನ್ನ ಚಪ್ಪಲಿಯ ಕೆಳಗೆ ಹರಿಯಿತು. ಅಂಕಿಗೆ ಬಗ್ಗುವ ಮನುಷ್ಯ ಎಂದು ನಾನು ನಂಬಿದ್ದೆ; ಎಷ್ಟೇ ಕಠಿಣವಾದರೂ ಅವರ ಜೊತೆ ವಾದಿಸಿ ಗೆಲ್ಲಬಹುದು ಎಂದುಕೊಂಡಿದ್ದೆ. ಅಂಕಿಗೆ ಬಗ್ಗಿದರು, ಸಹಿಯನ್ನೂ ಹಾಕಿದರು. ಕೀಲಿ ಜೇಬಿನಲ್ಲೇ ಇತ್ತು. ಆ ಕ್ಷಣದಲ್ಲಿ ಹುಟ್ಟಿದ ಅಸಹ್ಯವೇ ನನ್ನನ್ನು ಇವತ್ತಿನ ನಾನಾಗಿ ಮಾಡಿದ್ದು: ಯಾರಾದರೂ ನನ್ನ ಮುಂದೆ ಅಚ್ಚುಕಟ್ಟಾದ ಲೆಕ್ಕ ಇಟ್ಟರೆ, ಲೆಕ್ಕಕ್ಕಿಂತ ಮೊದಲು ಅವರು ಏನನ್ನು ಕೊಡಲು ಮನಸ್ಸಿಲ್ಲದೆ ಲೆಕ್ಕ ಇಟ್ಟಿದ್ದಾರೆ ಎಂದು ನೋಡುತ್ತೇನೆ.

ಮರುದಿನ, ಶನಿವಾರ, ಅಮ್ಮನ ಕ್ಲಿನಿಕ್ಕಿಗೆ ರಜೆ ಇರಲಿಲ್ಲ. ಬೆಳಗ್ಗೆ ಆರಕ್ಕೆ ಅಡುಗೆಮನೆಯಲ್ಲಿ ಚಿತ್ರಾನ್ನವನ್ನು ಡಬ್ಬಿಗೆ ತುಂಬುತ್ತಿದ್ದಾಗ ನಾನು ಪುಸ್ತಕ ತೋರಿಸಿದೆ. ಅವರು ಕೆಂಪು ಗೆರೆ ನೋಡಿದರು, ಆಶ್ಚರ್ಯಪಡಲಿಲ್ಲ.

"ಟ್ಯಾಂಕ್ ತುಂಬಿಲ್ಲ ಅಂತ ನಂಗೆ ಮೊದಲ್ನೇ ದಿನಾನೇ ಗೊತ್ತಿತ್ತು ಕಣೇ. ಕೂತ ತಕ್ಷಣ ಮುಳ್ಳು ನೋಡ್ದೆ. ಮೇಲಿನ ಗೆರೆ ಮುಟ್ಟೇ ಇರ್ಲಿಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಯಾವಾಗ ಹೇಳ್ಬೇಕಿತ್ತು? ನಿನ್ನ ಮೂರು ನಿಮಿಷ ಆದ್ಮೇಲೆ ನನಗೆ ಮೂರು ನಿಮಿಷ ಯಾರು ಕೊಟ್ರು?"

ಡಬ್ಬಿಯ ಮುಚ್ಚಳ ಒತ್ತಿ, ಚೀಲಕ್ಕೆ ಹಾಕಿ, ಅವರು ನನ್ನ ಕಡೆ ತಿರುಗಿದರು. ಸಿಟ್ಟು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ಒಂದು ಕೇಳ್ಲಾ? ನನ್ನ ಜೊತೆ ಆ ಕಾರಲ್ಲಿ ಕೂತಾಗ ನಿಂಗೆ ಯಾವತ್ತಾದ್ರೂ ಭಯ ಆಗಿತ್ತಾ? ಹೊಟ್ಟೆ ತೊಳಸಿತ್ತಾ?"

"ಇಲ್ಲ."

"ಅದನ್ನ ಅವತ್ತು ಹೇಳ್ಬೋದಿತ್ತು."

ಚಪ್ಪಲಿ ಹಾಕಿಕೊಂಡು ಹೋದರು. ಎರಡು ವರ್ಷ ಅಮ್ಮ ಬಸ್ಸಿನಲ್ಲೇ ಮುಸಫ್ಫಾಕ್ಕೆ ಹೋಗಿ ಬಂದರು. ಆ ಎರಡು ವರ್ಷದಲ್ಲಿ ನಮ್ಮ ಕಾರಿನ ಸರಾಸರಿ ಲೀಟರಿಗೆ ಹದಿನಾಲ್ಕು ಪಾಯಿಂಟ್ ಒಂದು. ಪ್ರತಿಯೊಂದು ಸಾಲನ್ನೂ ನಾನೇ ಕೂಡಿ, ಭಾಗಿಸಿ, ಎರಡೆರಡು ಸಲ ನೋಡಿದ್ದೇನೆ. ಒಂದು ತಪ್ಪೂ ಇಲ್ಲ.